ಕಟ್ಟುವುದೆಲ್ಲಿ, ಇರಿಸುವುದೆಲ್ಲಿ?

ಊರ ಬಡಗಿಯೊಬ್ಬನು ಒಂದು ಮನೆಗೆ ಬಾಗಿಲು ಮಾಡಿಕೊಡಲು ಒಪ್ಪಿಕೊಂಡಿದ್ದಾನೆಂದು ಭಾವಿಸೋಣ. ಮರ ಸೀಳುವುದು, ಉಜ್ಜಿ ನಯಗೊಳಿಸುವುದು, ಕೀಲುಗಳನ್ನು ಕೂರಿಸುವುದು, ಇವೆಲ್ಲ ನಡೆಯುವುದು ಅವನ ಕೊಟ್ಟಿಗೆಯಲ್ಲಿ. ಬಾಗಿಲನ್ನು ಚೌಕಟ್ಟಿಗೆ ನಿಲ್ಲಿಸುವುದು ಮನೆಯಲ್ಲಿ. ಇವೆರಡರ ನಡುವೆ, ಗಾಡಿಗೆ ಏರಿಸುವ ಮುನ್ನ, ತುಂಡುಗಳನ್ನೆಲ್ಲ ಕೊಟ್ಟಿಗೆಯ ಗೋಡೆಗೆ ಒರಗಿಸಿ, ಯಾವುದು ಎಲ್ಲಿಗೆಂದು ಜೋಡಿಸಿ ನೋಡಿ ಎಣಿಸಿಕೊಳ್ಳುವ ಒಂದು ಗಳಿಗೆಯೂ ಉಂಟು. ಯಾವ ಬಡಗಿಯೂ ಈ ಮೂರನ್ನು ಕಲಸಿಕೊಳ್ಳುವುದಿಲ್ಲ. ಲಿನಕ್ಸ್ ಯಂತ್ರಗಳಿಗಾಗಿ ತಂತ್ರಾಂಶದ ಪ್ಯಾಕೇಜು ತಯಾರಿಸಲು ಹೊರಟ ವಿದ್ಯಾರ್ಥಿಯಾದರೋ ಮೊದಲ ದಿನವೇ ಮೂರನ್ನೂ ಒಂದರಲ್ಲೊಂದು ಬೆರೆಸಿಬಿಡುತ್ತಾನೆ. ಈ ಲೇಖಕನೂ ಹಾಗೆ ಮಾಡಿದವನೇ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಪ್ಯಾಕೇಜು ಎಂದರೇನೆಂಬುದನ್ನು ಚುಟುಕಾಗಿ ನೋಡೋಣ. ಒಂದು ಪ್ರೋಗ್ರಾಮಿನ ಮೂಲಪಾಠವನ್ನು ಕಂಪೈಲ್ ಮಾಡಿ ಬಂದ ಕಡತಗಳು, ಅವು ಎಲ್ಲೆಲ್ಲಿ ಕೂರಬೇಕೆಂಬ ವಿವರ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳ ಪಟ್ಟಿ, ಇಷ್ಟನ್ನೂ ಒಂದೇ ಗಂಟಾಗಿ ಕಟ್ಟಿದರೆ ಅದು ಪ್ಯಾಕೇಜು. 1993ರಲ್ಲಿ ಆರಂಭವಾದ ಡೆಬಿಯನ್ ಬಳಗದ ಗಂಟಿಗೆ ಡೆಬ್ ಎಂದು ಹೆಸರು; ಫೆಡೋರ ಮೊದಲಾದವರದಕ್ಕೆ ಆರ್‌ಪಿಎಂ ಎಂದು. ಗಂಟನ್ನು ಬಿಚ್ಚಿ ಇಡುವುದಕ್ಕೂ, ಬೇಡವಾದಾಗ ಒಂದು ಕಡತವನ್ನೂ ಉಳಿಸದೆ ತೆಗೆಯುವುದಕ್ಕೂ ಪ್ಯಾಕೇಜು ವ್ಯವಸ್ಥಾಪಕವಿದೆ. ಯಾವ ಕಡತ ಯಾರದೆಂಬ ಲೆಕ್ಕ ಅದರ ಬಳಿ ಇರುತ್ತದೆ. ಈ ಲೆಕ್ಕ ತಪ್ಪಿದರೆ ಮಿಕ್ಕದ್ದೆಲ್ಲ ತಪ್ಪಿದಂತೆಯೇ.

ಇನ್ನು ಕಟ್ಟುವ ಕೆಲಸ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಉಪಕರಣ ಮೇಕ್. 1976ರಲ್ಲಿ ಬೆಲ್ ಲ್ಯಾಬೊರೇಟರಿಯಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರು ಇದನ್ನು ಬರೆದರು. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನು ತಿದ್ದಿದ ಮೇಲೆ ಆ ಕಡತವನ್ನು ಮತ್ತೆ ಕಂಪೈಲ್ ಮಾಡಲು ಮರೆತು, ತಿದ್ದಿಯಾಗಿದ್ದ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಬೆಳಗೆಲ್ಲ ಹುಡುಕಿದರಂತೆ. ಆ ವ್ಯರ್ಥಶ್ರಮವೇ ಮೇಕ್‌ನ ಹುಟ್ಟಿಗೆ ಪ್ರೇರಣೆಯಾಯಿತು. ಯಾವುದು ಹಳೆಯದಾಗಿದೆಯೋ ಅದನ್ನಷ್ಟೇ ಮತ್ತೆ ಕಟ್ಟುವುದು ಮೇಕ್‌ನ ಗುಣ. ಮೇಕ್ ಎಂದಷ್ಟೇ ಹೇಳಿದರೆ ಅದು ಕಟ್ಟುತ್ತದೆ. ಮೇಕ್ ಇನ್‌ಸ್ಟಾಲ್ ಎಂದರೆ ಕಟ್ಟಿದ್ದನ್ನು ಒಯ್ದು ಇರಿಸುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿಸಿದ್ದೇನೆ, ಯಂತ್ರಕ್ಕೆ ಕೊಡುವಾಗ ರೋಮನ್ ಲಿಪಿಯಲ್ಲೇ ಕೊಡತಕ್ಕದ್ದು.) ಎಲ್ಲಿ ಇರಿಸುತ್ತದೆ? ಬೇರೇನೂ ಹೇಳದಿದ್ದರೆ, ರೂಢಿಯಂತೆ, ಆ ಕ್ಷಣ ನೀವು ಕುಳಿತಿರುವ ಯಂತ್ರದ /ಯುಎಸ್‌ಆರ್/ಲೋಕಲ್ ಎಂಬ ಸ್ಥಳದಲ್ಲಿ. ತನ್ನ ಯಂತ್ರಕ್ಕೆ ಮಾತ್ರ ಹಾಕಿಕೊಳ್ಳುವವನಿಗೆ ಇಷ್ಟೇ ಸಾಕು. ಇನ್ನೊಬ್ಬರಿಗೆ ಕೊಡುವ ಪ್ಯಾಕೇಜಿಗೆ ಈ ಕ್ರಮ ಒಗ್ಗುವುದಿಲ್ಲ.

ಈಗ ನನ್ನ ಕಥೆ. ಒಂದು ಪಠ್ಯವನ್ನು ಕೊಟ್ಟರೆ ಅದರೊಳಗಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದೂ ಎಷ್ಟು ಬಾರಿ ಬಂದಿದೆಯೆಂದು ಹೇಳುವ ಸಣ್ಣ ಪ್ರೋಗ್ರಾಮೊಂದನ್ನು ನಾನು ಬರೆದಿದ್ದೆ. ಹೆಸರು ಪದಪಟ್ಟಿ. ವಿಭಕ್ತಿಪ್ರತ್ಯಯಗಳ ಒಂದು ಪಟ್ಟಿ ಅದರ ಜೊತೆಗಿರುವ ದತ್ತ ಕಡತ. ಆ ಕಡತ ಸಿಗದಿದ್ದರೆ ಪ್ರೋಗ್ರಾಮು ಓಡದು. ಕನ್ನಡ ವಿಭಾಗದ ನಮ್ಮ ಮೇಷ್ಟರೊಬ್ಬರು ಹಳೆಯ ಗದ್ಯಗ್ರಂಥವೊಂದರ ಪದಸೂಚಿಯನ್ನು ಕೈಯಲ್ಲೇ ಮಾಡುತ್ತಿದ್ದರು. ಚೀಟಿಗಳು ಆಗಲೇ ನಾಲ್ಕು ಪೆಟ್ಟಿಗೆಗಳಷ್ಟಾಗಿದ್ದವು. ಅವರ ಯಂತ್ರದಲ್ಲಿ ಡೆಬಿಯನ್ ಇತ್ತು. ಒಂದು ಡೆಬ್ ಕಟ್ಟಿಕೊಡುತ್ತೇನೆಂದು ನಾನೇ ಮುಂದಾಗಿ ಹೇಳಿದೆ.

ಡೆಬಿಯನ್‌ನಲ್ಲಿ ಪ್ಯಾಕೇಜು ಕಟ್ಟುವ ವಿಧಿಯೆಲ್ಲ ಡೆಬಿಯನ್/ರೂಲ್ಸ್ ಎಂಬ ಕಡತದಲ್ಲಿರುತ್ತದೆ. ಅದೂ ಒಂದು ಮೇಕ್‌ಫೈಲೇ. ಅದರೊಳಗಿನ ಕಟ್ಟುವ ಹಂತದಲ್ಲಿ ನಾನು ಮೇಕ್ ಎಂದೂ, ಅದರ ಕೆಳಗೇ ಮೇಕ್ ಇನ್‌ಸ್ಟಾಲ್ ಎಂದೂ ಬರೆದೆ. ಇರಿಸುವ ಕೆಲಸ ಮುಗಿದೇಹೋಯಿತಲ್ಲ ಎಂದು ಮುಂದಿನ ಹಂತವನ್ನು ಖಾಲಿ ಬಿಟ್ಟೆ. ಯಂತ್ರವು ಅನುಮತಿಯಿಲ್ಲವೆಂದು ತಡೆಯಿತು. ಆಗಲೇ ನಿಂತು ಯೋಚಿಸಬೇಕಾಗಿತ್ತು. ಕಟ್ಟುವ ಹಂತದಲ್ಲಿ ರೂಟ್‌ನ, ಎಂದರೆ ಯಂತ್ರದ ಸರ್ವಾಧಿಕಾರಿಯ, ಅಧಿಕಾರ ಬೇಕಾಗುವಂಥ ಯಾವ ಕೆಲಸವೂ ಇರಕೂಡದೆಂಬುದು ಡೆಬಿಯನ್ನಿನ ಲಿಖಿತ ನಿಯಮ. ನಾನು ಆಜ್ಞೆಯ ಮುಂದೆ ಸುಡೋ ಸೇರಿಸಿದೆ. ಎಲ್ಲವೂ ಸುಸೂತ್ರವಾಗಿ ನಡೆದು ಡೆಬ್ ಹೊರಬಂದಿತು. ನನ್ನ ಯಂತ್ರದಲ್ಲಿ ಹಾಕಿ ನೋಡಿದೆ. ಪದಪಟ್ಟಿ ಸೊಗಸಾಗಿ ಓಡಿತು. ಮೇಷ್ಟರಿಗೆ ಕೊಟ್ಟು ಬಂದೆ.

ಮರುದಿನ ಅವರು ಕಾರಿಡಾರಿನಲ್ಲಿ ಸಿಕ್ಕಿ, "ಏನಪ್ಪಾ, ನಿನ್ನ ಗಂಟಿನಲ್ಲಿ ಹಕ್ಕುಪತ್ರ ಬಿಟ್ಟರೆ ಬೇರೇನೂ ಇದ್ದಂತಿಲ್ಲವಲ್ಲ!" ಎಂದರು. ನಿಜವೇ. ಡಿಪಿಕೆಜಿ ಮೈನಸ್ ಸಿ ಎಂಬ ಆಜ್ಞೆಯಿಂದ ಪ್ಯಾಕೇಜಿನೊಳಗಿನ ಕಡತಗಳ ಪಟ್ಟಿಯನ್ನು ನೋಡಬಹುದು. ಆ ಆಜ್ಞೆ ನನಗೆ ಗೊತ್ತಿತ್ತು, ಬಳಸಿರಲಿಲ್ಲ. ಒಳಗಿದ್ದದ್ದು ಎರಡೇ: ಕೃತಿಸ್ವಾಮ್ಯದ ಕಡತ ಮತ್ತು ಬದಲಾವಣೆಗಳ ಪಟ್ಟಿ. ಪ್ರೋಗ್ರಾಮು ನನ್ನ ಯಂತ್ರದ /ಯುಎಸ್‌ಆರ್/ಲೋಕಲ್‌ನಲ್ಲಿ ಹಾಯಾಗಿ ಕುಳಿತಿತ್ತು. ಬಡಗಿಯು ಬಾಗಿಲನ್ನು ತನ್ನ ಕೊಟ್ಟಿಗೆಗೇ ಜಡಿದು, ಗಿರಾಕಿಯ ಮನೆಗೆ ರಸೀದಿ ಕಳುಹಿಸಿದ್ದ.

ಹಾಗಾದರೆ ಇರಿಸುವ ಹಂತದ ಅರ್ಥವೇನು? ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಆರ್‌ಪಿಎಂ ಪದ್ಧತಿಯಲ್ಲಿ ವಿಧಿಯ ಕಡತಕ್ಕೆ ಸ್ಪೆಕ್ ಎಂದು ಹೆಸರು. ಅದರಲ್ಲಿ %ಪ್ರೆಪ್, %ಬಿಲ್ಡ್, %ಇನ್‌ಸ್ಟಾಲ್, %ಚೆಕ್, %ಫೈಲ್ಸ್ ಎಂಬ ಭಾಗಗಳಿವೆ. %ಇನ್‌ಸ್ಟಾಲ್ ಎಂಬುದನ್ನು ಓದಿದ ಯಾರಿಗಾದರೂ ಇದು ಬಳಕೆದಾರನ ಯಂತ್ರದಲ್ಲಿ ಪ್ಯಾಕೇಜನ್ನು ಹಾಕುವಾಗ ನಡೆಯುವ ಕೆಲಸವೆಂದೇ ತೋರುತ್ತದೆ. ಅದು ಹಾಗಲ್ಲ. ಅದು ನಡೆಯುವುದು ಪ್ಯಾಕೇಜು ಕಟ್ಟುವವನ ಯಂತ್ರದಲ್ಲಿ. ಅದೂ ನಿಜವಾದ /ಯುಎಸ್‌ಆರ್‌ನಲ್ಲಿ ಅಲ್ಲ, ಬಿಲ್ಡ್‌ರೂಟ್ ಎಂಬ ತಾತ್ಕಾಲಿಕ ಡೈರೆಕ್ಟರಿಯಲ್ಲಿ. ಅದರೊಳಗೆ ಯುಎಸ್‌ಆರ್, ಇಟಿಸಿ, ವಿಎಆರ್ ಎಂದು ಇಡೀ ವ್ಯವಸ್ಥೆಯ ಒಂದು ಪುಟ್ಟ ಪ್ರತಿರೂಪ ಬೆಳೆಯುತ್ತದೆ. ಬಡಗಿ ತುಂಡುಗಳನ್ನು ಗೋಡೆಗೆ ಒರಗಿಸಿ ಎಣಿಸುವ ಗಳಿಗೆ ಎಂದೆನಲ್ಲ, ಅದೇ ಇದು. ಎಣಿಕೆಯ ಪಟ್ಟಿಯೇ %ಫೈಲ್ಸ್. ಆರ್‌ಪಿಎಂನ ಆರಂಭದ ದಿನಗಳಲ್ಲಿ ಬಿಲ್ಡ್‌ರೂಟ್ ಎಂಬುದು ಐಚ್ಛಿಕವಾಗಿತ್ತು. ಅದನ್ನು ಹೇಳದಿದ್ದರೆ ಕಟ್ಟುವವನ ನಿಜವಾದ ವ್ಯವಸ್ಥೆಯ ಮೇಲೆಯೇ ಹೊಸ ಕಡತಗಳು ಬಂದು ಕೂರುತ್ತಿದ್ದವು. ನಾನು ಅಜ್ಞಾನದಿಂದ ಮಾಡಿದ್ದನ್ನು ಅಂದು ತಿಳಿದವರೇ ಮಾಡುತ್ತಿದ್ದರೆಂದು ಓದಿದಾಗ ತುಸು ಸಮಾಧಾನವಾಯಿತು.

ಆರ್ಚ್ ಲಿನಕ್ಸ್‌ನವರು ಇದೇ ಹಂತಕ್ಕೆ ಪ್ಯಾಕೇಜ್ ಎಂದು ಹೆಸರಿಟ್ಟಿದ್ದಾರೆ: ಪ್ರಿಪೇರ್, ಬಿಲ್ಡ್, ಚೆಕ್, ಪ್ಯಾಕೇಜ್. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಹೆಸರುಗಳು ಇವೇ. ಜೆಂಟೂ ಬಳಗದವರು ಇನ್ನೊಂದು ಬಗೆಯ ಎಚ್ಚರ ವಹಿಸಿದ್ದಾರೆ. ಮೂಲಪಾಠದ ಮೇಲೆ ನಡೆಯುವ ಹಂತಗಳಿಗೆಲ್ಲ ಎಸ್‌ಆರ್‌ಸಿ ಎಂಬ ಪೂರ್ವಪದ, ಜೀವಂತ ಯಂತ್ರದ ಮೇಲೆ ನಡೆಯುವುವಕ್ಕೆ ಪಿಕೆಜಿ ಎಂಬ ಪೂರ್ವಪದ. ಹೆಸರು ನೋಡಿದೊಡನೆ ಯಾವುದು ಯಾವ ಕಡೆಯದೆಂದು ತಿಳಿಯುತ್ತದೆ.

ಎರಡನ್ನೂ ಬೇರ್ಪಡಿಸುವುದು ಬರಿಯ ಮಡಿಯಲ್ಲ. ಕಟ್ಟುವ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಇರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಕೆಲವು ಸೆಕೆಂಡು ಸಾಕು. ಇರಿಸುವುದರಲ್ಲಿ ಒಂದು ತಪ್ಪಾದರೆ ಅಷ್ಟನ್ನೇ ತಿದ್ದಿ ಮತ್ತೆ ನಡೆಸಲು ಬರಬೇಕು. ಒಮ್ಮೆ ಕಟ್ಟಿದ್ದನ್ನು ಹಲವು ಪ್ಯಾಕೇಜುಗಳಾಗಿ ಹಂಚುವುದೂ ಉಂಟು: ಪ್ರೋಗ್ರಾಮು ಒಂದರಲ್ಲಿ, ಕೈಪಿಡಿ ಇನ್ನೊಂದರಲ್ಲಿ, ಅಭಿವರ್ಧಕರಿಗೆ ಬೇಕಾದ ಹೆಡರ್ ಕಡತಗಳು ಮತ್ತೊಂದರಲ್ಲಿ. ಇನ್ನು ಅಧಿಕಾರದ ವಿಷಯ. ಪ್ಯಾಕೇಜಿನ ಕಡತಗಳಿಗೆ ರೂಟ್ ಒಡೆಯನೆಂದು ದಾಖಲಾಗಬೇಕು. ಆದರೆ ಕಟ್ಟುವವನು ರೂಟ್ ಆಗಿರಬಾರದು. ಈ ವಿರೋಧವನ್ನು ಫೇಕ್‌ರೂಟ್ ಎಂಬ ಉಪಕರಣ ಸೊಗಸಾಗಿ ಪರಿಹರಿಸುತ್ತದೆ. ನಾಟಕದಲ್ಲಿ ಅರಸನ ಪಾತ್ರಧಾರಿಗೆ ರಂಗದ ಮೇಲಿನವರೆಲ್ಲ ನಮಸ್ಕರಿಸುವಂತೆ, ಅದರೊಳಗೆ ಓಡುವ ಆಜ್ಞೆಗಳಿಗೆ ತಾವು ರೂಟ್ ಎಂದೇ ಕಾಣುತ್ತದೆ. ರಂಗದ ಹೊರಗೆ ಆ ಅಧಿಕಾರ ನಡೆಯದು.

ಎಡವುವವರಿಗೆ ಇನ್ನೊಂದು ಕಡೆಯಿಂದಲೂ ಎಡವಲು ಅವಕಾಶವಿದೆ. %ಬಿಲ್ಡ್‌ನಲ್ಲಿಯೇ ಕಡತಗಳನ್ನು ಬಿಲ್ಡ್‌ರೂಟ್‌ಗೆ ನಕಲು ಮಾಡಿಟ್ಟರಾಗದೇ ಎಂದು ಕೇಳಬಹುದು. ಫೆಡೋರದ ಪದ್ಧತಿಯಲ್ಲಿ ದೀರ್ಘಕಾಲ %ಇನ್‌ಸ್ಟಾಲ್ ಆರಂಭವಾಗುವ ಮೊದಲು ಬಿಲ್ಡ್‌ರೂಟ್ ತಾನಾಗಿಯೇ ಅಳಿಸಲ್ಪಡುತ್ತಿತ್ತು. ಮುಂಚಿತವಾಗಿ ಇಟ್ಟದ್ದೆಲ್ಲ ಮಾಯ! ಪರೀಕ್ಷೆಯ ಹಂತದ ಸ್ಥಾನವೂ ಎಲ್ಲೆಡೆ ಒಂದೇ ಅಲ್ಲ. ಡೆಬಿಯನ್, ಆರ್ಚ್‌ಗಳಲ್ಲಿ ಅದು ಕಟ್ಟಿದ ಮೇಲೆ, ಇರಿಸುವ ಮೊದಲು. ಆರ್‌ಪಿಎಂನಲ್ಲಿ ಇರಿಸಿದ ಮೇಲೆ.

ಮತ್ತೆ ಪದಪಟ್ಟಿಗೆ ಬರೋಣ. ಎರಡನೆಯ ಪ್ರಯತ್ನದಲ್ಲಿ ನಾನು ಮೇಕ್ ಇನ್‌ಸ್ಟಾಲ್ ಅನ್ನು ಅದರ ಹಂತಕ್ಕೇ ಒಯ್ದೆ. ಕಡತಗಳು ತಾತ್ಕಾಲಿಕ ಡೈರೆಕ್ಟರಿಗೆ ಹೋಗಬೇಕಲ್ಲ, ಅದಕ್ಕಾಗಿ ಪ್ರಿಫಿಕ್ಸ್ ಎಂಬ ಮೌಲ್ಯಕ್ಕೆ ಆ ಡೈರೆಕ್ಟರಿಯ ಪೂರ್ಣ ವಿಳಾಸವನ್ನೇ ಕೊಟ್ಟು ಮೊದಲಿನಿಂದ ಕಟ್ಟಿದೆ. ಈ ಬಾರಿ ಪ್ಯಾಕೇಜು ತುಂಬಿತ್ತು. ಒಳಗಿನ ಪಟ್ಟಿಯನ್ನೂ ನೋಡಿದೆ, ನನ್ನ ಯಂತ್ರದಲ್ಲಿ ಓಡಿಸಿಯೂ ನೋಡಿದೆ. ಮೇಷ್ಟರ ಯಂತ್ರದಲ್ಲಿ ಮಾತ್ರ ಪ್ರತ್ಯಯಗಳ ಕಡತ ಸಿಗಲಿಲ್ಲವೆಂಬ ದೋಷಸೂಚನೆ. ಅದನ್ನು ಹುಡುಕಿದ ಸ್ಥಳವಾಗಿ ನನ್ನ ಮನೆಯ ಗಣಕದೊಳಗಿನ, ನನ್ನದೇ ಹೆಸರಿನ ಡೈರೆಕ್ಟರಿಯ ಉದ್ದನೆಯ ವಿಳಾಸ. ಮೇಷ್ಟರು ನಕ್ಕರು. ನಾಲ್ಕು ಪೆಟ್ಟಿಗೆಗಳು ಅಷ್ಟು ಹೊತ್ತಿಗೆ ಐದಾಗಿದ್ದವು. ನನಗೆ ನಗು ಬರಲಿಲ್ಲ.

ಈ ವಿಷಯದಲ್ಲಿ ನಾನು ಕಲಿತ ಅತ್ಯಂತ ಮುಖ್ಯವಾದ ಅಂಶ ಇಲ್ಲಿದೆಯಾದ್ದರಿಂದ ತುಸು ವಿವರಿಸುತ್ತೇನೆ. ಪ್ರಿಫಿಕ್ಸ್ ಎಂದರೆ ಪ್ರೋಗ್ರಾಮು ಕೊನೆಗೆ ವಾಸಿಸಬೇಕಾದ ಮನೆಯ ವಿಳಾಸ. ಕಂಪೈಲ್ ಮಾಡುವಾಗ ಇದು ಪ್ರೋಗ್ರಾಮಿನ ಒಡಲೊಳಗೆ ಅಚ್ಚಾಗುತ್ತದೆ, ಏಕೆಂದರೆ ತನ್ನ ದತ್ತ ಕಡತ ಎಲ್ಲಿದೆಯೆಂದು ಅದಕ್ಕೆ ತಿಳಿದಿರಬೇಕು. ಡೆಸ್ಟ್‌ಡಿರ್ ಎಂದರೆ ಗೋಡೆಗೆ ಒರಗಿಸುವ ತಾತ್ಕಾಲಿಕ ಜಾಗ. ಇದು ಇರಿಸುವ ಹಂತದಲ್ಲಿ ಮಾತ್ರ ವಿಳಾಸದ ಮುಂದೆ ಸೇರುತ್ತದೆ. ಪ್ರೋಗ್ರಾಮಿಗೆ ಇದರ ಸುಳಿವೇ ಸಿಗಕೂಡದು. ಗ್ನೂ ಬಳಗದ ನಿಯಮಗಳು ಡೆಸ್ಟ್‌ಡಿರ್ ಅನ್ನು ಇರಿಸುವ, ತೆಗೆಯುವ ಹಂತಗಳಿಗಷ್ಟೇ ಸೀಮಿತಗೊಳಿಸಿರುವುದು ಇದಕ್ಕಾಗಿಯೇ. ಕೊಟ್ಟಿಗೆಯಲ್ಲಿ ನಿಂತು ಮಾಡಿದರೂ ಬಾಗಿಲಿನ ಅಳತೆ ಮನೆಯದೇ ಇರಬೇಕು. ನಾನು ಕೊಟ್ಟಿಗೆಯ ಬಾಗಿಲ ತೆರವಿಗೆ ಅಳತೆ ತೆಗೆದಿದ್ದೆ.

ಆದುದರಿಂದ ಸರಿಯಾದ ವಿಧಿ ಹೀಗೆ. ಕಟ್ಟುವಾಗ: ಮೇಕ್, ಪ್ರಿಫಿಕ್ಸ್=/ಯುಎಸ್‌ಆರ್. ಇರಿಸುವಾಗ: ಮೇಕ್ ಇನ್‌ಸ್ಟಾಲ್, ಪ್ರಿಫಿಕ್ಸ್=/ಯುಎಸ್‌ಆರ್, ಡೆಸ್ಟ್‌ಡಿರ್=ತಾತ್ಕಾಲಿಕ ಡೈರೆಕ್ಟರಿ. ಎರಡು ಕಡೆಯೂ ಪ್ರಿಫಿಕ್ಸ್ ಒಂದೇ ಇರತಕ್ಕದ್ದು. ಮೇಕ್‌ಫೈಲಿನಲ್ಲಿ ನಕಲು ಮಾಡುವ ಪ್ರತಿಯೊಂದು ಸಾಲಿನ ಗುರಿಯ ಮುಂದೆಯೂ ಡೆಸ್ಟ್‌ಡಿರ್ ಬಂದಿದೆಯೇ ಎಂದು ನೋಡಬೇಕು. ಒಂದು ಸಾಲಿನಲ್ಲಿ ಬಿಟ್ಟರೂ ಆ ಕಡತ ಕಟ್ಟುವವನ ಯಂತ್ರದಲ್ಲೇ ಉಳಿಯುತ್ತದೆ. ನನ್ನಂಥವರು ಅನೇಕರಿದ್ದಾರೆಂದು ಕಾಣುತ್ತದೆ: ಆರ್‌ಪಿಎಂ ಉಪಕರಣಗಳಲ್ಲಿ, ಕಟ್ಟಿದ ಕಡತಗಳ ಒಳಗೆ ಎಲ್ಲಿಯಾದರೂ ಬಿಲ್ಡ್‌ರೂಟ್‌ನ ವಿಳಾಸ ಅಚ್ಚಾಗಿದೆಯೇ ಎಂದು ಹುಡುಕಿ, ಇದ್ದರೆ ಕೆಲಸವನ್ನೇ ನಿಲ್ಲಿಸಿಬಿಡುವ ಒಂದು ತಪಾಸಣೆಯಿದೆ. ನಿಕ್ಸ್ ಎಂಬ ಪದ್ಧತಿಯವರು ಈ ಇಬ್ಬಂದಿಯಿಂದಲೇ ತಪ್ಪಿಸಿಕೊಂಡಿದ್ದಾರೆ. ಅಲ್ಲಿ ಪ್ರತಿಯೊಂದು ಪ್ಯಾಕೇಜಿಗೂ ಅದರದೇ ಆದ ಶಾಶ್ವತ ಡೈರೆಕ್ಟರಿ. ಅದೇ ಪ್ರಿಫಿಕ್ಸ್, ಇರಿಸುವುದೂ ಅಲ್ಲಿಯೇ. ಅದು ಬೇರೆಯೇ ಲೋಕ, ಇಲ್ಲಿ ಬೇಡ.

ಮೂರನೆಯದು ಗಿರಾಕಿಯ ಮನೆಯಲ್ಲಿ ನಡೆಯುವ ಕೆಲಸ. ಆರ್‌ಪಿಎಂನಲ್ಲಿ ಇದಕ್ಕೆ %ಪೋಸ್ಟ್ ಎಂದೂ ಡೆಬಿಯನ್‌ನಲ್ಲಿ ಪೋಸ್ಟ್‌ಇನ್‌ಸ್ಟ್ ಎಂದೂ ಹೆಸರು. ಕನ್ನಡ ಓದುವವರಿಗೆ ಹತ್ತಿರದ ಉದಾಹರಣೆ ಲೋಹಿತ್ ಕನ್ನಡ ಎಂಬ ಅಕ್ಷರವಿನ್ಯಾಸ. (ರೆಡ್ ಹ್ಯಾಟ್ ಸಂಸ್ಥೆಯಿಂದ ಬಂದದ್ದಾದ್ದರಿಂದ, ಕೆಂಪು ಎಂಬರ್ಥದ ಈ ಸಂಸ್ಕೃತ ಪದ.) ವಿನ್ಯಾಸಕಾರರು ತಿದ್ದುವ ಮೂಲ ಕಡತವನ್ನು ಫಾಂಟ್‌ಫೋರ್ಜ್ ಎಂಬ ಉಪಕರಣದಿಂದ ಟಿಟಿಎಫ್ ಕಡತವಾಗಿ ಮಾರ್ಪಡಿಸುವುದು ಕಟ್ಟುವ ಹಂತ. ಆ ಕಡತವನ್ನು ತಾತ್ಕಾಲಿಕ ಡೈರೆಕ್ಟರಿಯೊಳಗಿನ ಯುಎಸ್‌ಆರ್/ಶೇರ್/ಫಾಂಟ್ಸ್‌ನಲ್ಲಿಡುವುದು ಇರಿಸುವ ಹಂತ. ಹೊಸ ಅಕ್ಷರವಿನ್ಯಾಸ ಬಂದಿದೆಯೆಂದು ಯಂತ್ರಕ್ಕೆ ತಿಳಿಸಲು ಎಫ್‌ಸಿ-ಕ್ಯಾಷ್ ಎಂಬ ಆಜ್ಞೆ ನಡೆಯಬೇಕು. ಇದು ಮೊದಲೆರಡು ಹಂತಗಳಲ್ಲಿ ಯಾವುದಕ್ಕೂ ಸೇರದು. %ಇನ್‌ಸ್ಟಾಲ್‌ನಲ್ಲಿ ಇದನ್ನು ನಡೆಸಿದರೆ ಕಟ್ಟುವವನ ಯಂತ್ರದ ಸೂಚಿ ಹೊಸದಾದೀತೇ ವಿನಾ ಓದುವವನದಲ್ಲ. ತಿರುಗುಮುರುಗಾಗಿ, ಟಿಟಿಎಫ್ ಮಾಡುವ ಕೆಲಸವನ್ನು %ಪೋಸ್ಟ್‌ಗೆ ದಾಟಿಸಿದರೆ, ಕನ್ನಡ ಓದಬೇಕೆನ್ನುವ ಪ್ರತಿಯೊಬ್ಬನೂ ಫಾಂಟ್‌ಫೋರ್ಜ್ ಹಾಕಿಕೊಳ್ಳಬೇಕಾಗುತ್ತದೆ. ಈಗ ಡೆಬಿಯನ್, ಫೆಡೋರ ಎರಡರಲ್ಲಿಯೂ ಈ ಆಜ್ಞೆಯನ್ನು ಪ್ರತಿಯೊಂದು ಪ್ಯಾಕೇಜಿನಲ್ಲಿ ಬರೆಯಬೇಕಾಗಿಲ್ಲ. ಫಾಂಟ್ಸ್ ಡೈರೆಕ್ಟರಿಯಲ್ಲಿ ಕಡತ ಬಂದಿತೆಂದರೆ ಫಾಂಟ್‌ಕಾನ್ಫಿಗ್ ಪ್ಯಾಕೇಜೇ ಎಚ್ಚೆತ್ತು ಸೂಚಿಯನ್ನು ಹೊಸದು ಮಾಡುತ್ತದೆ.

ಗಡಿಗಳು ಎಲ್ಲೆಡೆ ಒಂದೇ ರೀತಿ ಇವೆಯೆಂದಲ್ಲ. ಪೈಥಾನ್ ಕಡತಗಳ ಬೈಟ್‌ಕೋಡನ್ನು ಫೆಡೋರದವರು ಕಟ್ಟುವವರ ಕಡೆಯೇ ಮಾಡಿ ಪ್ಯಾಕೇಜಿನಲ್ಲಿ ಸೇರಿಸುತ್ತಾರೆ. ಡೆಬಿಯನ್ನರು ಬಳಕೆದಾರನ ಯಂತ್ರದಲ್ಲಿ ಪೋಸ್ಟ್‌ಇನ್‌ಸ್ಟ್ ಮೂಲಕ ಮಾಡಿಸುತ್ತಾರೆ. ಡಿಕೆಎಂಎಸ್ ಎಂಬ ವ್ಯವಸ್ಥೆ ಕರ್ನಲ್‌ನ ಘಟಕಗಳನ್ನು ಬಳಕೆದಾರನ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ, ಏಕೆಂದರೆ ಅವನ ಕರ್ನಲ್ ಯಾವುದೆಂದು ಕಟ್ಟುವವನಿಗೆ ತಿಳಿಯದು. ಇವೆಲ್ಲ ಕಾರಣ ತಿಳಿದು ದಾಟಿದ ಗಡಿಗಳು.

ಬಳಕೆದಾರನ ಯಂತ್ರದಲ್ಲಿ ರೂಟ್ ಆಗಿ ಓಡುವ ಸಾಲುಗಳು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಸ್ಥಾಪನಾ ಲಿಪಿಯಲ್ಲಿ, ಅಳಿಸುವ ಆಜ್ಞೆಯ ಮುಂದೆ /ಯುಎಸ್‌ಆರ್/ಲಿಬ್ ಎಂದು ಆರಂಭವಾಗಬೇಕಿದ್ದ ವಿಳಾಸದ ನಡುವೆ, ಯುಎಸ್‌ಆರ್‌ನ ನಂತರ, ಒಂದು ಖಾಲಿ ಜಾಗ ಬಿದ್ದುಹೋಗಿತ್ತು. ಆಜ್ಞೆಯು ಅದನ್ನು ಎರಡು ವಿಳಾಸಗಳೆಂದು ಓದಿ ಇಡೀ /ಯುಎಸ್‌ಆರ್ ಅನ್ನೇ ಅಳಿಸುತ್ತಿತ್ತು. ಒಂದೇ ಒಂದು ಖಾಲಿ ಜಾಗ! ಅದೇ ತಪ್ಪು ರೂಟ್ ಅಧಿಕಾರವಿಲ್ಲದ ಕಟ್ಟುವ ಹಂತದಲ್ಲಿ ಆಗಿದ್ದರೆ ಅನುಮತಿಯಿಲ್ಲವೆಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಹಾಗೆಂದು ಕಟ್ಟುವ ಹಂತವೇನೂ ನಿರಪಾಯವೆಂದು ತಿಳಿಯಬಾರದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಎಕ್ಸ್‌ಜಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದಿದೆಯೆಂದು ಪ್ರಕಟಿಸಿದರು. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂದದ್ದೇ ಮೊದಲ ಸುಳಿವು. ಕಳ್ಳನು ತನ್ನ ಸರಕನ್ನು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಬಚ್ಚಿಟ್ಟಿದ್ದ. ಅದನ್ನು ಹೊರತೆಗೆಯುವ ಸಾಲುಗಳು ಸಾರ್ವಜನಿಕ ಭಂಡಾರದಲ್ಲಿರದೆ, ಬಿಡುಗಡೆಯ ಗಂಟಿನಲ್ಲಿ ಮಾತ್ರ ಇದ್ದವು. ಅವು ಕಟ್ಟುವ ಹೊತ್ತಿನಲ್ಲಿ, ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜು ತಯಾರಾಗುತ್ತಿದೆಯೇ ಎಂದು ನೋಡಿಕೊಂಡು, ಹೌದಾದರೆ ಮಾತ್ರ ಕೆಲಸ ಮಾಡುತ್ತಿದ್ದವು. ಪರೀಕ್ಷೆಯ ಕಡತಕ್ಕೆ ಕಟ್ಟುವ ಹಂತದಲ್ಲಿ ಏನು ಕೆಲಸ? ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಡೆಬಿಯನ್ನಿನ ಅಸ್ಥಿರ ಶಾಖೆ, ಫೆಡೋರದ ಪ್ರಾಯೋಗಿಕ ಶಾಖೆಗಳವರೆಗೆ ಅದು ಬಂದುಬಿಟ್ಟಿತ್ತು. ಹೆಚ್ಚಿನ ಸ್ಥಿರ ಆವೃತ್ತಿಗಳನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದಿತು. ಕಟ್ಟುವ ಹಂತದಲ್ಲಿ ಅಂತರಜಾಲದ ಸಂಪರ್ಕವನ್ನೇ ಕಡಿದುಹಾಕುವುದು, ಒಂದೇ ಮೂಲಪಾಠವನ್ನು ಬೇರೆ ಬೇರೆ ಕಡೆ ಕಟ್ಟಿ ಫಲ ಒಂದೇ ಬರುವುದೇ ಎಂದು ಹೋಲಿಸುವುದು, ಇಂಥ ಕಟ್ಟುಪಾಡುಗಳು ಹಲವರಿಗೆ ಕಿರಿಕಿರಿಯೆನಿಸುತ್ತವೆ. ನನಗೂ ಹಿಂದೆ ಹಾಗೆಯೇ ಅನಿಸುತ್ತಿತ್ತು.

ಪದಪಟ್ಟಿಯ ಮೂರನೆಯ ಪ್ಯಾಕೇಜು ಮೇಷ್ಟರ ಯಂತ್ರದಲ್ಲಿ ಓಡಿತು. ಐದು ಪೆಟ್ಟಿಗೆಗಳ ಚೀಟಿಗಳನ್ನು ಅದರ ಪಟ್ಟಿಯೊಡನೆ ಹೋಲಿಸಿ, ಅದು ಬಿಟ್ಟಿದ್ದ ಹದಿನಾರು ರೂಪಗಳನ್ನು ಅವರು ಗುರುತುಹಾಕಿ ಕೊಟ್ಟರು. ಅವನ್ನು ತಿದ್ದಿ ಹೊಸ ಪ್ಯಾಕೇಜು ಕಟ್ಟಿ ನನ್ನ ಯಂತ್ರದಲ್ಲಿ ಹಾಕಿದೆ. ಹದಿನಾರೂ ಹಾಗೆಯೇ ತಪ್ಪಾಗಿ ಬಂದವು. ಮತ್ತೆ ತಿದ್ದಿದೆ, ಮತ್ತೆ ಅದೇ. ಎರಡು ಸಂಜೆಗಳು ಕಳೆದ ಮೇಲೆ, ಪದಪಟ್ಟಿ ಎಂದಾಗ ಯಂತ್ರ ಯಾವ ಕಡತವನ್ನು ಓಡಿಸುತ್ತಿದೆಯೆಂದು ಕೇಳಿ ನೋಡಿದೆ. ಯಂತ್ರವು ಆಜ್ಞೆಗಳನ್ನು ಹುಡುಕುವಾಗ /ಯುಎಸ್‌ಆರ್/ಲೋಕಲ್ ಅನ್ನು ಮೊದಲು ನೋಡುತ್ತದೆ. ಮೊದಲ ದಿನ ಸುಡೋ ಹಾಕಿ ಇರಿಸಿದ್ದ ಪ್ರತಿ ಇನ್ನೂ ಅಲ್ಲಿಯೇ ಇತ್ತು. ಪ್ಯಾಕೇಜು ವ್ಯವಸ್ಥಾಪಕದ ಲೆಕ್ಕದಲ್ಲಿ ಇಲ್ಲದ್ದರಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಎರಡನೆಯ ಪ್ಯಾಕೇಜನ್ನು ನಾನು ಓಡಿಸಿ ನೋಡಿದೆನೆಂದು ಮೇಲೆ ಬರೆದೆನಲ್ಲ, ಅಂದು ಓಡಿದ್ದೂ ಅದೇ. ನನ್ನ ಮೇಕ್‌ಫೈಲಿನಲ್ಲಿ ತೆಗೆಯುವ ವಿಧಿಯನ್ನು ಬರೆದಿರಲಿಲ್ಲವಾದ್ದರಿಂದ, ಆ ಎರಡು ಕಡತಗಳನ್ನು ಕೈಯಿಂದಲೇ, ವಿಳಾಸವನ್ನು ಮೂರು ಬಾರಿ ಓದಿ, ಅಳಿಸಿದೆ.